ಗೆರೆ ಅಳಿಸಿ ಆಡಿದ ಆಟ

ಬೇಸಿಗೆ ರಜೆಗೆ ನಮ್ಮೂರು ಗುತ್ತಲಕ್ಕೆ ಬಂದ ಅಕ್ಕನ ಮಗ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯ ತಂಪು ನೆಲದ ಮೇಲೆ ಬೋರಲು ಬಿದ್ದು ಮೊಬೈಲಿನಲ್ಲಿ ಪೂಲ್ ಆಡುತ್ತಾನೆ. ಹೊರಗೆ ಬಿಸಿಲು ಕಾದ ಹಂಚಿನಂತಿರುತ್ತದೆ, ಹೋಗುವ ಜಾಗ ಬೇರೆ ಇರುವುದಿಲ್ಲ. ನಾನು ಗೋಡೆಗೆ ಬೆನ್ನು ಕೊಟ್ಟು ಕುಳಿತು ಅವನ ಆಟ ನೋಡುತ್ತೇನೆ. ಬಿಳಿ ಬಾಲಿನಿಂದ ಒಂದು ಸಣ್ಣ ಗೆರೆ ಹೊರಟು ಎದುರಿನ ಬಾಲನ್ನು ಮುಟ್ಟುತ್ತದೆ. ಮುಟ್ಟಿದಲ್ಲಿಂದ ಆ ಬಾಲು ಯಾವ ಕಡೆ ಉರುಳಲಿದೆ ಎಂದು ತೋರಿಸುವ ಇನ್ನೊಂದು ಮೋಟು ಗೆರೆ ಮೂಡುತ್ತದೆ. ಅವನು ಬೆರಳಿನಿಂದ ಗೆರೆಯನ್ನು ಅತ್ತ ಇತ್ತ ತಿರುಗಿಸುತ್ತಾನೆ. ಮೋಟು ಗೆರೆ ಪಾಕೆಟಿನ ಕಡೆ ಮುಖ ಮಾಡಿದೊಡನೆ ಬೆರಳು ಬಿಡುತ್ತಾನೆ. ಬಾಲು ಹೋಗಿ ಬೀಳುತ್ತದೆ.

ಆ ಗೆರೆಯನ್ನು ಕಂಡರೆ ನನಗೆ ಒಳಗೊಳಗೇ ಕಿರಿಕಿರಿ. ಊಟದ ಎಲೆಯ ಮುಂದೆ ಕೂತವನಿಗೆ ತುತ್ತು ಕಲಸಿ ಕೈಗಿಟ್ಟಂತೆ ಅನ್ನಿಸುತ್ತದೆ. ಒಂದು ದಿನ ತಡೆಯಲಾರದೆ, "ಆ ಗೆರಿ ತಗದು ಆಡಿ ನೋಡೋ ತಮ್ಮಾ" ಅಂದೆ.

ಅವನು ತಲೆ ಎತ್ತದೆ ಕೇಳಿದ: "ಗೆರಿ ಇಲ್ಲಂದ್ರ ಎಲ್ಲಿ ಹೊಡಿಬೇಕಂತ ಹೆಂಗ ಗೊತ್ತಾಗತೈತಿ ಮಾಮಾ?"

ಪ್ರಶ್ನೆ ನ್ಯಾಯವಾದದ್ದು. ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹುಡುಕಿಕೊಂಡು ನಾನು ಇದೇ ಊರಿನ ಒಂದು ಮಾಳಿಗೆಯ ಕೋಣೆಗೆ ಹೋಗಬೇಕಾಯಿತು, 2003ರ ಬೇಸಿಗೆಗೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕೈ ಖಾಲಿ ಇದ್ದ ದಿನಗಳವು. ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಕೆಳಗಿನಿಂದ ಬೆಲ್ಲ ಮತ್ತು ಒಣಮೆಣಸಿನಕಾಯಿಯ ವಾಸನೆ ಮೆಟ್ಟಿಲು ಹತ್ತಿ ನಮ್ಮ ಜೊತೆಗೇ ಒಳಗೆ ಬರುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ನಾಲ್ಕು ಕಂಪ್ಯೂಟರು, ದಪ್ಪ ಬೆನ್ನಿನ ಮಾನಿಟರುಗಳು, ಅವುಗಳ ಮೈಮುಚ್ಚಲು ಅಳತೆ ಕೊಟ್ಟು ಹೊಲಿಸಿದ ಬಟ್ಟೆಯ ಕವರು. ಒಂದು ತಾಸಿನ ಕ್ಲಾಸಿನಲ್ಲಿ ಮೊದಲು 'ನುಡಿ'ಯಲ್ಲಿ ಕನ್ನಡ ಟೈಪಿಂಗು, ಆಮೇಲೆ ಸರ್ ಬೋರ್ಡಿನ ಮೇಲೆ ಬರೆದ ಟಿಪ್ಪಣಿ. ಕೊನೆಯ ಹತ್ತು ನಿಮಿಷ ಮಾತ್ರ ನಮ್ಮದು. ಆ ಹತ್ತು ನಿಮಿಷಕ್ಕಾಗಿ ನಾವು ಉಳಿದ ಐವತ್ತು ನಿಮಿಷವನ್ನು ಶ್ರದ್ಧೆಯಿಂದ ಕಲಿಯುತ್ತಿದ್ದೆವು.

ಆ ಹತ್ತು ನಿಮಿಷದ ಹೆಸರು 'ಕ್ಯೂ ಕ್ಲಬ್'. ಇಂಗ್ಲೆಂಡಿನ ಬುಲ್‌ಡಾಗ್ ಇಂಟರ್ಯಾಕ್ಟಿವ್ ಎಂಬ ಕಂಪನಿ ಕಟ್ಟಿದ, 2000ರಲ್ಲಿ ಹೊರಬಂದ ಆಟ ಅದು. ಮೇಜನ್ನು ಸೂರಿನಿಂದ ಬಗ್ಗಿ ನೋಡಿದಂತೆ ಪರದೆಯ ತುಂಬ ಹಸಿರು, ಆರು ಪಾಕೆಟು, ಬಣ್ಣಬಣ್ಣದ ಬಾಲುಗಳು. ಪೂಲ್ ಬೇಕಾದರೆ ಪೂಲ್, ಸ್ನೂಕರ್ ಬೇಕಾದರೆ ಸ್ನೂಕರ್. ನಮ್ಮಲ್ಲಿ ಯಾರೂ ಅಂಥ ಮೇಜನ್ನು ಕಣ್ಣಾರೆ ಕಂಡವರಲ್ಲ. ಸಿನಿಮಾದಲ್ಲಿ ಖಳನಾಯಕನ ಬಂಗಲೆಯೊಳಗೆ ಕಂಡದ್ದಷ್ಟೆ. ಅದು ಶ್ರೀಮಂತರ ಆಟ, ನಮ್ಮಂಥವರು ಆಡುವುದು ಕೇರಂ ಎಂದು ತಿಳಿದಿದ್ದೆವು. ಆ ಮಾಳಿಗೆಯ ಕೋಣೆಯಲ್ಲಿ ಆ ತಿಳಿವಳಿಕೆ ಸದ್ದಿಲ್ಲದೆ ಬಿದ್ದುಹೋಯಿತು. ಹೊಲದ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಬಂದ ಗೆಳೆಯನೂ ನಾನೂ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತು ಸ್ನೂಕರ್ ಆಡಿದೆವು. ಹದಿನೈದು ಕೆಂಪು, ಆರು ಬಣ್ಣ, ಒಂದು ಬಿಳಿ. ಒಂದು ಕೆಂಪು ಬೀಳಿಸಿದರೆ ಒಂದು ಬಣ್ಣದ ಬಾಲಿಗೆ ಕೈಹಾಕಬಹುದು, ಆ ಬಣ್ಣ ಬಿದ್ದರೆ ಎದ್ದು ತನ್ನ ಜಾಗಕ್ಕೆ ಮರಳುತ್ತದೆ, ಮತ್ತೆ ಕೆಂಪು. ಕಪ್ಪಿಗೆ ಏಳು ಅಂಕ. ಪ್ರತಿ ಕೆಂಪಿನ ಬೆನ್ನಿಗೂ ಕಪ್ಪನ್ನೇ ಬೀಳಿಸುತ್ತ ಎಲ್ಲವನ್ನೂ ಒಂದೇ ಸರದಿಯಲ್ಲಿ ಮುಗಿಸಿದರೆ 147. ಈ ಲೆಕ್ಕವನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಆಟವೇ ಕಲಿಸಿತು.

ಆ ಆಟದೊಳಗೆ ಚಾಟ್ ಕೋಣೆಗಳಿದ್ದವು. ಒಂದೊಂದು ಕೋಣೆಯಲ್ಲೂ ಒಂದಷ್ಟು ಹೆಸರುಗಳು. ಅವರು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ಕರೆದರೆ ಆಟಕ್ಕೆ ಬರುತ್ತಿದ್ದರು. ಅವರೆಲ್ಲ ಯಾವುದೋ ದೇಶದಲ್ಲಿ ನಮ್ಮ ಹಾಗೆಯೇ ಕಂಪ್ಯೂಟರಿನ ಮುಂದೆ ಕುಳಿತ ಮನುಷ್ಯರೆಂದು ನಾವು ನಂಬಿದ್ದೆವು. ಗೆದ್ದಾಗ, ದೂರದ ಒಬ್ಬನಿಗೆ ಗುತ್ತಲದಿಂದ ಸೋಲು ಮುಟ್ಟಿತು ಎಂದು ಎದೆ ಉಬ್ಬುತ್ತಿತ್ತು. ಒಂದು ದಿನ ಗೆಳೆಯ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿ, "ಫೋನಿನ ವಾಯರ್ರ ಇಲ್ಲಲ್ಲೋ ಇದಕ್ಕ!" ಅಂದ. ನಿಜ. ಆ ಕೋಣೆಗೆ ಇಂಟರ್ನೆಟ್ಟೇ ಇರಲಿಲ್ಲ. ಆ ಹೆಸರುಗಳೆಲ್ಲ ಡಬ್ಬಿಯೊಳಗಿನವೇ. ಆ ಸಂಜೆ ನಾವಿಬ್ಬರೂ ಯಾಕೋ ಹೆಚ್ಚು ಮಾತಾಡದೆ ಮನೆಗೆ ಹೋದೆವು. ಪರಿಚಯದವರೊಬ್ಬರು ಊರು ಬಿಟ್ಟು ಹೋದಂತಾಗಿತ್ತು.

ಆಗಿನ ಮೌಸುಗಳ ಹೊಟ್ಟೆಯಲ್ಲಿ ರಬ್ಬರು ಹೊದ್ದ ಒಂದು ಗುಂಡು ಇರುತ್ತಿತ್ತು. ಆ ಗುಂಡು ಉರುಳಿದರೆ ಒಳಗಿನ ಎರಡು ಸಣ್ಣ ಉರುಳೆ ತಿರುಗಿ, ಪರದೆಯ ಮೇಲಿನ ಬಾಣ ಚಲಿಸುತ್ತಿತ್ತು. ಗುತ್ತಲದ್ದು ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ಆ ಮಣ್ಣು ಹಿಟ್ಟಾಗಿ ಕಿಟಕಿಯ ಸಂದಿಯಿಂದ ಒಳಬಂದು ಉರುಳೆಗೆ ಕರ‍್ರಗೆ ಅಂಟಿಕೊಳ್ಳುತ್ತಿತ್ತು. ಆಗ ಬಾಣ ನಡುದಾರಿಯಲ್ಲಿ ತಡವರಿಸುತ್ತಿತ್ತು. ನಾವು ಮೌಸಿನ ತಳದ ಮುಚ್ಚಳ ತಿರುವಿ, ಗುಂಡನ್ನು ಅಂಗೈಗೆ ಇಳಿಸಿಕೊಂಡು, ಉಗುರಿನಿಂದ ಮಣ್ಣು ಕೆರೆದು ಮತ್ತೆ ಹಾಕುತ್ತಿದ್ದೆವು. ಅಂಗೈಯ ಗುಂಡು ಉರುಳಿದರೆ ಪರದೆಯ ಬಾಲಿಗೆ ಏಟು. ಹೊಲದ ಮಣ್ಣು ಆಟದವರೆಗೂ ಬಂದು ನಮ್ಮ ಗುರಿಯನ್ನು ಪರೀಕ್ಷಿಸುತ್ತಿತ್ತು.

ಕರೆಂಟು ಹೋಗುವುದಂತೂ ಇದ್ದೇ ಇತ್ತು. ಕಪ್ಪು ಬಾಲು ಪಾಕೆಟಿನ ಬಾಯಿಯ ಕಡೆ ಹೊರಟಿದೆ, ಇನ್ನು ಒಂದು ಗೇಣು, ಅಷ್ಟರಲ್ಲಿ ಪರದೆ ಕತ್ತಲಾಗಿ ಫ್ಯಾನು ನಿಧಾನವಾಗುತ್ತಿತ್ತು. ಆ ಬಾಲು ಬಿತ್ತೋ ಇಲ್ಲವೋ ಎಂದು ಮೆಟ್ಟಿಲು ಇಳಿಯುವಾಗಲೂ ವಾದ. "ಬೀಳತಿತ್ತು" ಎಂದು ನಾನು, "ಅಂಚಿಗೆ ಬಡಿತಿತ್ತು" ಎಂದು ಗೆಳೆಯ. ಕಣ್ಣು ಮುಚ್ಚಿ ಆ ಬಾಲನ್ನು ಉರುಳಿಸಿ ನೋಡುವುದು ನನಗೆ ರೂಢಿಯಾದದ್ದು ಅಲ್ಲಿಂದಲೇ. ಕತ್ತಲಲ್ಲಿ ಗೆರೆಯನ್ನು ನಾವೇ ಎಳೆದುಕೊಳ್ಳುತ್ತಿದ್ದೆವು.

ಹಾಗೆ ನೋಡಿದರೆ, ಗೆರೆ ಇಲ್ಲದ ಆಟ ನಮಗೆ ಇನ್ನೂ ಹಿಂದಿನಿಂದ ಗೊತ್ತು. ಗೋಲಿಯಾಟದಲ್ಲಿ ಯಾರು ಗೆರೆ ಹಾಕಿಕೊಡುತ್ತಾರೆ? ಗುಡಿಯ ಹಿಂದಿನ ಬಯಲಿನಲ್ಲಿ ಹಿಮ್ಮಡಿಯಿಂದ ತಿರುವಿ ತೋಡಿದ ಕುಣಿ, ಎಡಗೈ ನೆಲಕ್ಕೂರಿ, ನಡುಬೆರಳನ್ನು ಹಿಂದಕ್ಕೆ ಬಾಗಿಸಿ ಬಿಟ್ಟರೆ ಗೋಲಿ ಹಾರುತ್ತಿತ್ತು. ಒಂದು ಕಣ್ಣು ಮುಚ್ಚಿದ ಹುಡುಗನ ಮುಖದಲ್ಲಿ ಎಷ್ಟು ಲೆಕ್ಕ ಓಡುತ್ತಿತ್ತು ಎಂದು ಈಗ ಬೆರಗಾಗುತ್ತದೆ. ಎದುರಾಳಿಯ ಗೋಲಿಗೆ ನೆಟ್ಟಗೆ ಬಡಿದರೆ ನಮ್ಮದು ಅಲ್ಲೇ ನಿಲ್ಲುತ್ತದೆ, ಅದು ಓಡುತ್ತದೆ. ಅಂಚಿಗೆ ಸವರಿದರೆ ನಮ್ಮದು ಓಡುತ್ತದೆ, ಅದು ಸ್ವಲ್ಪವೇ ಅಲುಗುತ್ತದೆ. ಇದನ್ನು ಯಾವ ಪಾಠವೂ ಇಲ್ಲದೆ ಬೆರಳು ಕಲಿತಿತ್ತು. ಸೋಡಾ ಬಾಟಲಿಯ ಕತ್ತಿನಿಂದ ಬಂದ ಗೋಲಿ ಸಿಕ್ಕವನು ಆ ದಿನದ ಸಿರಿವಂತ. ಅದರೊಳಗೆ ಒಂದು ಗಾಳಿಗುಳ್ಳೆ ಇದ್ದರೆ ಬಿಸಿಲಿಗೆ ಹಿಡಿದು ಎಲ್ಲರೂ ನೋಡಬೇಕು. ಆದರೆ ಆ ಗೋಲಿಗಳು ಪೂರಾ ದುಂಡಗಿರುತ್ತಿರಲಿಲ್ಲ. ಯಾವ ಗೋಲಿ ಯಾವ ಕಡೆ ವಾಲುತ್ತದೆ ಎಂಬುದು ಅದರ ಒಡೆಯನಿಗೆ ಮಾತ್ರ ಗೊತ್ತು.

ದುಂಡಗಿರುವುದು ಸುಲಭವಲ್ಲ. ಬಿಲಿಯರ್ಡ್ಸ್ ಬಾಲುಗಳನ್ನು ಮೊದಲು ಆನೆಯ ದಂತದಿಂದ ಕಡೆಯುತ್ತಿದ್ದರು. ದಂತದ ನಟ್ಟನಡುವಿನ ಭಾಗವೇ ಬೇಕು, ಇಲ್ಲವಾದರೆ ತೂಕ ಒಂದು ಬದಿಗೆ ಹೋಗಿ ಬಾಲು ಸೊಟ್ಟ ಉರುಳುತ್ತದೆ. ಒಂದು ದಂತಕ್ಕೆ ಕೆಲವೇ ಬಾಲು. ಒಂದು ಸೆಟ್ಟಿಗೆ ಎಷ್ಟು ಆನೆಗಳು ಹೋದವೋ ಎಂದು ನೆನೆದರೆ ಹೊಟ್ಟೆ ತೊಳಸುತ್ತದೆ. 1869ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಟ್ ಸೆಲ್ಯುಲಾಯ್ಡ್ ಎಂಬ ವಸ್ತು ತಯಾರಿಸಿದ್ದು ಈ ದಂತಕ್ಕೆ ಬದಲಿ ಹುಡುಕುವಾಗಲೇ. ಈಗಿನ ಬಾಲುಗಳು ಗಟ್ಟಿ ರಾಳದವು. ಇನ್ನು ಕಂಪ್ಯೂಟರಿನ ಬಾಲಿಗೆ ಆನೆಯೂ ಬೇಡ, ರಾಳವೂ ಬೇಡ. ಅದು ಬರೀ ಲೆಕ್ಕದ ಬಾಲು. ಅದಕ್ಕಿಂತ ದುಂಡಗಿನದು ಭೂಮಿಯ ಮೇಲೆ ಇನ್ನೊಂದಿಲ್ಲ.

ಆ ಲೆಕ್ಕದ ಬೇರು ಬಹಳ ಹಿಂದಿನದು. ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸ್ 1835ರಲ್ಲಿ ಬಿಲಿಯರ್ಡ್ಸಿನ ಗಣಿತದ ಮೇಲೆಯೇ ಒಂದು ಪುಸ್ತಕ ಬರೆದ. ಗಾಳಿ ಮತ್ತು ಸಮುದ್ರದ ಪ್ರವಾಹಗಳು ಭೂಮಿ ತಿರುಗುವುದರಿಂದ ಹೇಗೆ ಓರೆಯಾಗುತ್ತವೆ ಎಂದು ಓದುವಾಗ ಬರುವ ಕೊರಿಯೊಲಿಸ್ ಈತನೇ. ಕೋಲಿನ ಏಟು ತಿಂದ ಬಾಲು ಮೊದಲು ಬಟ್ಟೆಯ ಮೇಲೆ ಜಾರುತ್ತದೆ, ಉಜ್ಜಾಟದಿಂದ ಮೆಲ್ಲಗೆ ಉರುಳಲು ತೊಡಗುತ್ತದೆ. ಬಾಲಿನ ಎತ್ತರದಲ್ಲಿ ಹತ್ತಕ್ಕೆ ಏಳರಷ್ಟು ಮೇಲೆ ಹೊಡೆದರೆ ಜಾರದೆ ಮೊದಲಿನಿಂದಲೇ ಉರುಳುತ್ತದೆ. ನಡುವಿಗಿಂತ ಕೆಳಗೆ ಹೊಡೆದರೆ ಹಿಂದಕ್ಕೆ ಸುತ್ತುತ್ತ ಹೋಗಿ, ಎದುರಿನ ಬಾಲಿಗೆ ಬಡಿದು ತಿರುಗಿ ಬರುತ್ತದೆ. ಸುತ್ತಿಲ್ಲದೆ ಜಾರುತ್ತ ಹೋದ ಬಿಳಿ ಬಾಲು ಇನ್ನೊಂದಕ್ಕೆ ಓರೆಯಾಗಿ ಬಡಿದರೆ ಎರಡೂ ಕಾಟಕೋನದಲ್ಲಿ, ಅಂದರೆ ಸರಿಯಾಗಿ 90 ಡಿಗ್ರಿಯಲ್ಲಿ, ದಾರಿ ಬೇರೆ ಮಾಡಿಕೊಳ್ಳುತ್ತವೆ. ಕಂಪ್ಯೂಟರು ಒಂದು ಸೆಕೆಂಡನ್ನು ನೂರಾರು ಚೂರು ಮಾಡಿ, ಪ್ರತಿ ಚೂರಿಗೂ ಪ್ರತಿ ಬಾಲು ಎಲ್ಲಿದೆ, ಯಾವುದು ಯಾವುದಕ್ಕೆ ತಾಗಿತು ಎಂದು ಕೇಳುತ್ತ ಹೋಗುತ್ತದೆ. 1991ರಲ್ಲಿ ಇಂಗ್ಲೆಂಡಿನ ಆರ್ಚರ್ ಮೆಕ್ಲೀನ್ ಎಂಬಾತ ಆಗಿನ ಸಣ್ಣ ಕಂಪ್ಯೂಟರುಗಳಲ್ಲೇ ಮೇಜಿನ ಸುತ್ತ ಎಲ್ಲ ಕಡೆಯಿಂದ ನೋಡಬಹುದಾದ ಸ್ನೂಕರ್ ಆಟವೊಂದನ್ನು ಕಟ್ಟಿದ, ಆಟಗಾರ ಜಿಮ್ಮಿ ವೈಟ್ ಹೆಸರಿನಲ್ಲಿ. ಹೊಡೆಯಲು ತುಂಬ ತಡಮಾಡಿದರೆ ಅದರ ಬಾಲುಗಳು ಮುಖ ತಾಳಿ ನಮ್ಮನ್ನು ಅಣಕಿಸುತ್ತಿದ್ದವಂತೆ. ಇದನ್ನು ಓದಿದಾಗ ಆತನ ಮೇಲೆ ಪ್ರೀತಿ ಹುಟ್ಟಿತು. ಅಷ್ಟೆಲ್ಲ ಲೆಕ್ಕ ಬರೆದ ಕೈ ಮಕ್ಕಳ ನಗುವಿಗೂ ಜಾಗ ಬಿಟ್ಟಿತ್ತು.

ನಾವು ಪರದೇಶದ್ದು ಎಂದುಕೊಂಡಿದ್ದ ಸ್ನೂಕರ್ ಹುಟ್ಟಿದ್ದು ಭಾರತದಲ್ಲಿ ಎಂಬುದು ನನಗೆ ತಡವಾಗಿ ತಿಳಿಯಿತು. 1875ರಲ್ಲಿ ಜಬಲ್‌ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಬೇರೆ ಬೇರೆ ಆಟಗಳ ಬಾಲುಗಳನ್ನು ಒಂದೇ ಮೇಜಿನ ಮೇಲೆ ಕೂಡಿಸಿದ. ಮುಂದೆ ಆ ಆಟದ ನಿಯಮಗಳು ಊಟಿ ಕ್ಲಬ್ಬಿನ ಗೋಡೆಗೆ ಬಂದವು. ನಮ್ಮ ಗುಂಡ್ಲುಪೇಟೆ ದಾಟಿ ಘಾಟು ಹತ್ತಿದರೆ ಸಿಗುವ ಊಟಿ! ಸ್ವತಂತ್ರ ಭಾರತಕ್ಕೆ ಯಾವುದೇ ಆಟದಲ್ಲಿ ಮೊದಲ ವಿಶ್ವ ಚಾಂಪಿಯನ್ ಪಟ್ಟ ತಂದವರು ವಿಲ್ಸನ್ ಜೋನ್ಸ್, 1958ರಲ್ಲಿ ಕೋಲ್ಕತ್ತದಲ್ಲಿ, ಬಿಲಿಯರ್ಡ್ಸಿನಲ್ಲಿ. ನಾವು ಮಾಳಿಗೆಯ ಕೋಣೆಯಲ್ಲಿ ಆಡುತ್ತಿದ್ದ 2003ರಲ್ಲೇ ಬೆಂಗಳೂರಿನ ಪಂಕಜ್ ಅಡ್ವಾಣಿ, 18ರ ಹುಡುಗ, ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪಟ್ಟ ಗೆದ್ದ. ಆ ಸುದ್ದಿಯನ್ನು ಪೇಪರಿನ ಆಟದ ಪುಟದಲ್ಲಿ ನಾನು ಒಂದೊಂದು ಪದವನ್ನೂ ಅರ್ಥಮಾಡಿಕೊಂಡು ಓದಿದೆ. ಬ್ರೇಕ್ ಅಂದರೇನು, ಫ್ರೇಮ್ ಅಂದರೇನು, ಎಲ್ಲ ಗೊತ್ತಿತ್ತು. ಮೇಜು ನೋಡದ ಹುಡುಗನಿಗೆ ಆ ಪುಟದ ಬಾಗಿಲು ತೆರೆದದ್ದು ಕಂಪ್ಯೂಟರಿನ ಆಟ. ಆ ಋಣ ದೊಡ್ಡದು. 2024ರಲ್ಲಿ ದೋಹಾದಲ್ಲಿ ಪಂಕಜ್ ತಮ್ಮ 28ನೇ ವಿಶ್ವ ಪಟ್ಟ ಗೆದ್ದಾಗ, ಊರಿನವರೊಬ್ಬರು ಗೆದ್ದಷ್ಟು ಹಿಗ್ಗಿದೆ.

ನಿಜವಾದ ಮೇಜನ್ನು ಮುಟ್ಟಿದ್ದು 2007ರಲ್ಲಿ, ಡಿಗ್ರಿ ಓದಲು ಹುಬ್ಬಳ್ಳಿಗೆ ಹೋದ ಮೇಲೆ. ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಎರಡು ಮೇಜು. ಸ್ನೂಕರ್ ಮೇಜು ನಾನು ಎಣಿಸಿದ್ದಕ್ಕಿಂತ ಎಷ್ಟೋ ದೊಡ್ಡದು: 12 ಅಡಿ ಉದ್ದ, 6 ಅಡಿ ಅಗಲ. ಮಾನಿಟರಿನಲ್ಲಿ ಒಂದೇ ನೋಟಕ್ಕೆ ಸಿಗುತ್ತಿದ್ದ ಆ ಹಸಿರು ಇಲ್ಲಿ ಹೊಲದಂತೆ ಹರಡಿಕೊಂಡಿತ್ತು. ಕೋಲು ಹಿಡಿದೆ. ಯಾವ ಬಾಲನ್ನು ಎಲ್ಲಿ ಮುಟ್ಟಬೇಕೆಂದು ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೋಲಿನ ತುದಿ ಬಿಳಿ ಬಾಲಿನ ಮೇಲೆ ಜಾರಿ ಟಕ್ಕೆಂದಿತು, ಬಾಲು ಎರಡು ಗೇಣು ಹೋಗಿ ನಿಂತಿತು. ಪರದೆಯ ಮೇಲೆ ಕಂಪ್ಯೂಟರು ನನಗೆ ನಡುಗದ ಕೈಯೊಂದನ್ನು ಸಾಲ ಕೊಟ್ಟಿತ್ತು ಎಂಬುದು ಆಗ ತಿಳಿಯಿತು.

ಅಲ್ಲಿ ಮೇಜು ನೋಡಿಕೊಳ್ಳುವ ಮಾರ್ಕರ್ ಒಬ್ಬರಿದ್ದರು, ವಯಸ್ಸಾದವರು. ಬಟ್ಟೆಗೆ ಬ್ರಶ್ ಹಾಕುತ್ತ, "ಈ ಬಟ್ಟಿ ಕೆಳಗ ಏನೈತಿ ಗೊತ್ತೇನ್ರಿ?" ಎಂದು ಕೇಳಿದರು. "ಕಟಗಿ" ಅಂದೆ. "ಅಲ್ರಿ. ಕಲ್ಲು. ಪಾಟಿ ಕಲ್ಲು" ಅಂದರು. ಸ್ಲೇಟು. ಒಂದನೇ ಇಯತ್ತೆಯಲ್ಲಿ ನಾವು ಬಳಪದಿಂದ ಬರೆಯುತ್ತಿದ್ದ ಪಾಟಿಯ ಕಲ್ಲೇ ಆ ಮೇಜಿನ ಹಾಸು. ನಾನು ಅಂಗೈಯನ್ನು ಬಟ್ಟೆಯ ಮೇಲೆ ಊರಿ ಸ್ವಲ್ಪ ಹೊತ್ತು ನಿಂತೆ. ಗುತ್ತಲದ ಶಾಲೆಯಲ್ಲಿ ಅಕ್ಕೋರು ಪಾಟಿಯ ಮೇಲೆ ದೊಡ್ಡದಾಗಿ 'ಅ' ಬರೆದು, ಅದರ ಮೇಲೆಯೇ ತಿದ್ದಿಸುತ್ತಿದ್ದರು. ತಿದ್ದಿ ತಿದ್ದಿ 'ಅ' ಹೆಬ್ಬೆರಳಿನಷ್ಟು ದಪ್ಪವಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, "ಈಗ ನೀನs ಬರಿ" ಅನ್ನುತ್ತಿದ್ದರು. ಖಾಲಿ ಪಾಟಿಯ ಮೇಲೆ ಸೊಟ್ಟಗೆ ಮೂಡಿದ ಆ ಮೊದಲ 'ಅ' ನಮ್ಮ ಸ್ವಂತದ್ದು.

ಹೊಡೆಯುವ ಮೊದಲು ಮಾರ್ಕರ್ ಇನ್ನೊಂದು ಮಾತು ಹೇಳಿದರು: "ಹೊಡಿಯೂಮುಂದ ಬಿಳಿ ಬಾಲ್ ನೋಡಬ್ಯಾಡ್ರಿ. ಮುಟ್ಟಬೇಕಾದ ಬಾಲ್ ನೋಡ್ರಿ. ಕೋಲು ತಾನs ಹೋಗತೈತಿ."

ಈ ಮಾತನ್ನು ನಾನು ಮೊದಲು ಕೇಳಿದ್ದು ಹುಬ್ಬಳ್ಳಿಯಲ್ಲಲ್ಲ. ಹದಿಮೂರರ ವಯಸ್ಸಿನಲ್ಲಿ, ಮಳೆ ಬಿದ್ದು ಹದವಾದ ನಮ್ಮ ಹೊಲದಲ್ಲಿ, ಅಪ್ಪ ಮೊದಲ ಸಲ ನನ್ನ ಕೈಗೆ ಕೂರಿಗೆ ಕೊಟ್ಟಾಗ. ನಾನು ಎತ್ತಿನ ಕಾಲನ್ನೂ ಕೂರಿಗೆಯ ತಾಳನ್ನೂ ನೋಡುತ್ತ ನಡೆದೆ. ಸಾಲು ಹಾವಿನಂತೆ ಹೋಯಿತು. ಅಪ್ಪ ಬೈಯಲಿಲ್ಲ. "ಸಾಲು ಸೊಟ್ಟಾದ್ರ ನಾಳೆ ಎಡಿ ಹೊಡಿಯೂವಾಗ ಕುಂಟಿ ಪೀಕು ಕಡಿತೈತಿ. ಕಾಲಾಗ ನೋಡಬ್ಯಾಡ. ಆ ವಡ್ಡಿನ ಮ್ಯಾಲಿನ ಬೇವಿನ ಗಿಡಾ ನೋಡಕೋಂತ ನಡಿ" ಎಂದರು. ನೋಡುತ್ತ ನಡೆದೆ. ಆ ಕೊನೆ ಮುಟ್ಟಿ ಹಿಂದಿರುಗಿ ನೋಡಿದರೆ ನನ್ನ ಹಿಂದೆ ಒಂದು ನೆಟ್ಟನೆಯ ಸಾಲು ಬಿದ್ದಿತ್ತು. ಮುಂದೆ ಎಲ್ಲಿಯೂ ಗೆರೆ ಇರಲಿಲ್ಲ, ಬರೀ ಗಿಡ ಇತ್ತು. ಗೆರೆ ಬಿದ್ದದ್ದು ನಡೆದ ಮೇಲೆ. ಈಗ ನಮ್ಮ ಹೊಲದಲ್ಲಿ ಟ್ರ್ಯಾಕ್ಟರಿನಿಂದ ಬಿತ್ತುತ್ತಾರೆ. ಅದನ್ನು ಹೊಡೆಯುವ ಹುಡುಗನೂ ಮೊದಲ ಸಾಲಿಗೆ ಆ ಬೇವಿನ ಗಿಡವನ್ನೇ ನೋಡುತ್ತಾನೆ.

ಅಕ್ಕನ ಮಗನಿಗೆ ನಾನು ಕೊಟ್ಟ ಉತ್ತರ ಇದು. ಅವನ ಪಕ್ಕದಲ್ಲಿ ಬೋರಲು ಮಲಗಿ ಹೇಳಿದೆ: "ಬೀಳಬೇಕಾದ ಬಾಲು ನೋಡು. ಪಾಕೆಟಿನಿಂದ ಆ ಬಾಲಿನ ನಡುವಿಗೆ ಮನಸ್ಸಿನಾಗs ಒಂದು ದಾರ ಹಿಡಿ. ದಾರ ಬಾಲಿನ ಬೆನ್ನಿನಿಂದ ಹೊರಗ ಬಂತಲ್ಲ, ಅಲ್ಲಿ ಇನ್ನೊಂದು ಬಾಲು ಅಂಟಿಕೊಂಡೈತಿ ಅಂತ ತಿಳ್ಕೊ. ಇಲ್ಲದ ಬಾಲು ಅದು. ನಿನ್ನ ಬಿಳಿ ಬಾಲು ಹೋಗಿ ಆ ಜಾಗಾದಾಗ ಕುಂದರಬೇಕು, ಅಷ್ಟs."

"ಇಲ್ಲದ ಬಾಲು ಹೆಂಗ ಕಾಣತೈತಿ ಮಾಮಾ?"

"ನೋಡಕೋಂತ ಇದ್ರ ಕಾಣತೈತಿ."

ಅವನು ಆಟದೊಳಗಿನ ಅಭ್ಯಾಸದ ಮೇಜಿಗೆ ಹೋಗಿ ಗೆರೆ ತೆಗೆದ. ಮೊದಲ ಆರು ಏಟು ಬೀಳಲಿಲ್ಲ. ಏಳನೆಯದು ಪಾಕೆಟಿನ ಎರಡೂ ಅಂಚಿಗೆ ಬಡಿದು ಹೊರಬಂತು. ಅವನು ಎದ್ದು ಕುಳಿತ. ಮೊಬೈಲನ್ನು ನೆಲದ ಮೇಲಿಟ್ಟು, ಎರಡೂ ಮೊಣಕೈ ಊರಿ, ಒಂದು ಕಣ್ಣು ಮುಚ್ಚಿದ. ಗುಡಿಯ ಹಿಂದಿನ ಬಯಲಿನಲ್ಲಿ ನಾವು ಮುಚ್ಚುತ್ತಿದ್ದ ಹಾಗೆಯೇ. ಹನ್ನೊಂದನೆಯದು ಬಿತ್ತು. ಅವನು ಕೂಗಿದ್ದಕ್ಕೆ ಒಳಗೆ ಮಲಗಿದ್ದ ಅವ್ವ ಎದ್ದು ಬಂದು ಏನಾಯಿತೆಂದು ಕೇಳಿದಳು. ಗೆರೆ ಇದ್ದಾಗ ನೂರು ಬಾಲು ಬೀಳಿಸಿದ ಹುಡುಗ ಒಮ್ಮೆಯೂ ಹಾಗೆ ಕೂಗಿರಲಿಲ್ಲ.

ಆ ಗೆರೆಯ ಮೇಲಿನ ನನ್ನ ಕಿರಿಕಿರಿ ಈಗ ಇಳಿದಿದೆ. ಅದು ಅಕ್ಕೋರು ಬರೆದುಕೊಟ್ಟ 'ಅ'. ತಿದ್ದಲು ಬೇಕು. ತಿದ್ದಿದ ಮೇಲೆ ಒರೆಸಲೂ ಬೇಕು.

ನಿಮ್ಮ ಮನೆಯ ಮಕ್ಕಳೂ ಮೊಬೈಲಿನಲ್ಲಿ ಇಂಥ ಆಟ ಆಡುತ್ತಿರಬಹುದು. ಕಸಿದುಕೊಳ್ಳಬೇಡಿ. ಅದರೊಳಗೆ ಸುಮಾರು ಇನ್ನೂರು ವರ್ಷದ ಗಣಿತವಿದೆ, ಅದರ ನೆಂಟನಾದ ಸ್ನೂಕರ್ ನಮ್ಮ ನೆಲದಲ್ಲೇ ಹುಟ್ಟಿದ್ದು. ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಗೆರೆ ತೆಗೆಯಲು ಬರುವಂತಿದ್ದರೆ ತೆಗೆಸಿ, ಒಂದಾಟ ನೀವೂ ಆಡಿ.